ರುಕ್ಮಿಣೀಬಾಯಿ ತರ್ಕ ಓದಿದ್ದು

ಮಗಳು ತೀರಿಕೊಂಡು ಎಂಟು ತಿಂಗಳಾದ ಮೇಲೆ, ವೈಶಾಖದ ಒಂದು ಮುಂಜಾನೆ, ರುಕ್ಮಿಣೀಬಾಯಿ ಅಟ್ಟ ಹತ್ತಿ ಗಂಡನ ಪುಸ್ತಕದ ಗಂಟುಗಳಲ್ಲಿ ಒಂದನ್ನು ಕೆಳಗಿಳಿಸಿದಳು. ಗಂಡ ವಿಠ್ಠಲಾಚಾರ್ಯರು ಹೊಳೆಗೆ ಸ್ನಾನಕ್ಕೆ ಹೋಗಿದ್ದರು. ಗಂಟಿನ ಕೆಂಪು ವಸ್ತ್ರದ ಮೇಲೆ ದಪ್ಪಗೆ ಧೂಳು ಕೂತಿತ್ತು. ಅವಳು ಅದನ್ನು ಕೊಡವಲಿಲ್ಲ. ಪಡಸಾಲೆಯ ನಡುವೆ ಇಟ್ಟು, ಎದುರಿಗೆ ಕೂತು, ವೈರಿಯ ಮುಖ ನೋಡುವ ಹಾಗೆ ಬಹಳ ಹೊತ್ತು ಅದನ್ನೇ ನೋಡಿದಳು.

ವಿಠ್ಠಲಾಚಾರ್ಯರು ಬಾಗಲಕೋಟೆಯಲ್ಲಿ ತರ್ಕ ಹೇಳಿಕೊಡುತ್ತಿದ್ದವರು. ಹದಿನಾರು ವರ್ಷ ಆ ಪಡಸಾಲೆಯಲ್ಲಿ ಇಬ್ಬರೋ ಮೂವರೋ ವಿದ್ಯಾರ್ಥಿಗಳು ಕೂತು ಪಾಠ ಒಪ್ಪಿಸಿದ್ದರು. ಹೊಗೆ ಇದ್ದಲ್ಲಿ ಬೆಂಕಿ ಇದೆ ಎಂಬುದನ್ನು ಸಿದ್ಧ ಮಾಡಲು ಅವರು ಗಂಟಲು ಹರಿದುಕೊಳ್ಳುವಾಗ, ಒಳಗೆ ಒಲೆಯ ಮುಂದೆ ಕೂತ ರುಕ್ಮಿಣೀಬಾಯಿಗೆ ನಗು ಬರುತ್ತಿತ್ತು. ಮೂರು ಬಸಿರು ನಿಲ್ಲದೆ ಹೋಗಿ, ನಾಲ್ಕನೆಯದಾಗಿ ಉಳಿದವಳು ಕುಮುದಿನಿ. ಅವಳು ಮಾತ್ರ ಪಾಠದ ಹೊತ್ತಿನಲ್ಲಿ ಅಪ್ಪನ ಬೆನ್ನಿಗೆ ಆತುಕೊಂಡು ಕೂತಿರುತ್ತಿದ್ದಳು. ಒಮ್ಮೆ ಚಳಿಗಾಲದಲ್ಲಿ ಹೊಳೆಯ ಮೇಲೆ ಮಂಜು ಎದ್ದದ್ದನ್ನು ಕಂಡು, "ಅಪ್ಪಾ, ಹೊಳ್ಯಾಗ ಬೆಂಕಿ ಬಿದ್ದದ!" ಎಂದು ಓಡಿಬಂದಿದ್ದಳು. ಆಚಾರ್ಯರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಪ್ಪು ಊಹೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಗ್ರಂಥದಲ್ಲೂ ಸಿಗುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಕುಮುದಿನಿಗೆ ಒಂಬತ್ತು ತುಂಬಿತ್ತು. ಎರಡು ಕಡೆಯಿಂದ ಮದುವೆಯ ಮಾತು ಬಂದಿತ್ತು.

ಆ ವರ್ಷ, ಅಂದರೆ ೧೯೦೩ರ ಸುಮಾರಿಗೆ, ಭಾದ್ರಪದ ಹತ್ತಿರ ಬರುತ್ತಿದ್ದಂತೆ ಊರಲ್ಲಿ ಪ್ಲೇಗು ಕಾಣಿಸಿತು. ಪಕ್ಕದ ಓಣಿಯಲ್ಲಿ ಇಲಿ ಸತ್ತು ಬಿದ್ದವು. ಮನೆ ಬಿಟ್ಟು ಹೊರಗೆ ಹೊಲಗಳಲ್ಲಿ ಇರಬೇಕೆಂದು ಡಂಗುರ ಸಾರಿದರು. ಜನ ಚಾಪೆ, ಗಡಿಗೆ ಹೊತ್ತುಕೊಂಡು ಶಿರೂರಿನ ದಾರಿ ಹಿಡಿದು ಜೋಪಡಿ ಹಾಕಿಕೊಂಡರು. ಆಚಾರ್ಯರ ಮನೆಯಲ್ಲಿ ಮಾತ್ರ ಪುಸ್ತಕ ಕಟ್ಟುವುದು ನಡೆದಿತ್ತು. ಕುಮುದಿನಿ ಅಟ್ಟದ ಮೇಲೆ ಕೂತು ಒಂದೊಂದೇ ಪುಸ್ತಕವನ್ನು ಅಪ್ಪನ ಕೈಗೆ ಇಳಿಸಿಕೊಡುತ್ತಿದ್ದಳು. "ಅವ್ವಾ, ಇಲ್ಲೊಂದು ಇಲಿ ಸತ್ತದ ನೋಡು" ಎಂದು ಬಾಲ ಹಿಡಿದು ಎತ್ತಿ ತೋರಿಸಿದ್ದಳು. ಮರುದಿನ ಅವರು ಮನೆ ಬಿಟ್ಟರು. ಜೋಪಡಿಗೆ ಬಂದು ಮೂರು ದಿನಕ್ಕೆ ಕೂಸಿಗೆ ಜ್ವರ, ಕಂಕುಳಲ್ಲಿ ಗಂಟು. ಏಳನೆಯ ದಿನ ಎಲ್ಲ ಮುಗಿಯಿತು. ಅಂಗಡಿಗಳು ಮುಚ್ಚಿದ್ದವು. ಮೈಮೇಲೆ ಹೊದಿಸಲು ಹೊಸ ಬಟ್ಟೆ ಬಂದದ್ದು ಪಕ್ಕದ ಜೋಪಡಿಯಲ್ಲಿದ್ದ ನೇಕಾರ ಜಾಫರಸಾಬನಿಂದ.

ಊರು ತಿಳಿಯಾಗಿ ಮನೆಗೆ ತಿರುಗಿ ಬಂದ ದಿನ, ಹೊಸ್ತಿಲು ದಾಟುವ ಮೊದಲೇ ರುಕ್ಮಿಣೀಬಾಯಿ ಗಂಡನಿಗೆ ಅಂದಳು: "ಪುಸ್ತಕದ ಸಲುವಾಗಿ ಮೂರು ದಿನ ನಿಂತಿವಿ. ಪುಸ್ತಕ ಉಳದೂ. ನನ್ನ ಕೂಸು ಹೋತು."

ಆಚಾರ್ಯರು ಗಂಟುಗಳನ್ನು ಅಟ್ಟಕ್ಕೆ ಏರಿಸಿದರು. ಅಂದಿನಿಂದ ಅವರು ಗಂಟು ಬಿಚ್ಚಲಿಲ್ಲ. ವಿದ್ಯಾರ್ಥಿಗಳು ಬಂದರೆ ಬಾಗಿಲಿನಿಂದಲೇ ಕಳಿಸಿದರು. ಗುಡಿಯಲ್ಲಿ ಪಂಚಾಂಗ ಓದಿ ಬರುವುದಷ್ಟೇ ಉಳಿಯಿತು. ಗಂಡ ಹೆಂಡತಿಯ ನಡುವೆ "ನೀರು", "ಸಾಕು", "ಬಾಗಿಲಾ ಹಾಕ್ಕೋ" ಎನ್ನುವ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ.

ಈಗ ಅವಳು ಗಂಟು ಬಿಚ್ಚಿದಳು. ಮೇಲೆಯೇ ಇದ್ದದ್ದು ತರ್ಕದ ಮೊದಲ ಪುಸ್ತಕ. ಆಚಾರ್ಯರು ತಾವು ವಿದ್ಯಾರ್ಥಿಯಾಗಿದ್ದಾಗ ಕೈಯಿಂದ ಬರೆದುಕೊಂಡದ್ದು. ದೊಡ್ಡ ಅಕ್ಷರದಲ್ಲಿ ಸಂಸ್ಕೃತ, ಸಾಲುಗಳ ನಡುವೆ ಇರುವೆಯಂಥ ಅಕ್ಷರದಲ್ಲಿ ಕನ್ನಡ ಅರ್ಥ. ಹಾಡಿನ ಪುಸ್ತಕ ಓದುವಷ್ಟು ಕನ್ನಡ ಅವಳಿಗೆ ಬರುತ್ತಿತ್ತು. ಬೆರಳಿಟ್ಟು ಓದತೊಡಗಿದಳು. ಪದಾರ್ಥಗಳು ಏಳು ಎಂದಿತ್ತು. ಪದಾರ್ಥ ಎಂದರೆ ಅವಳಿಗೆ ಗೊತ್ತಿದ್ದದ್ದು ಎಲೆಗೆ ಬಡಿಸುವ ಪಲ್ಯ, ಕೋಸಂಬರಿ. ಇವರು ಹದಿನಾರು ವರ್ಷ ಅದನ್ನೇ ಹೇಳಿಕೊಡುತ್ತಿದ್ದರೇ? ಮುಂದಿನ ಸಾಲು ಓದಿದಳು. ಒಂದು ಅಕ್ಷರವೂ ತಲೆಗೆ ಹತ್ತಲಿಲ್ಲ. ಮತ್ತೆ ಮೊದಲಿನ ಸಾಲಿಗೆ ಬಂದಳು.

ಆಚಾರ್ಯರು ಒದ್ದೆ ಪಂಚೆಯಲ್ಲಿ ಬಾಗಿಲಿಗೆ ಬಂದು ನಿಂತರು.

"ಯಾಕ ಇಳಿಸಿದಿ ಅದನ್ನ?"

"ಓದ್ತೇನಿ."

"ನಿನಗ ತಿಳಿಯೂದಿಲ್ಲ ಅದು."

"ತಿಳೀಲಿಲ್ಲಂದ್ರ ಬಿಡ್ತೇನಿ. ನನ್ನ ಮಗಳಿಗಿಂತ ಹೆಚ್ಚಿಂದು ಏನದ ಇದರಾಗ ಅಂತ ನೋಡಬೇಕಾಗೇದ ನನಗ."

ಆಚಾರ್ಯರು ಒಳಗೆ ಬರದೆ ಹಿತ್ತಲ ಕಡೆಗೆ ಹೋಗಿಬಿಟ್ಟರು.

ದಿನಾ ಅಡಿಗೆ ಮುಗಿದ ಮೇಲೆ ಅವಳು ಓದಲು ಕೂತಳು. ಮೂರು ದಿನಕ್ಕೆ ಒಂದು ಪುಟ ಮುಗಿಯಲಿಲ್ಲ. ಒಂದು ಮಾತಿನ ಅರ್ಥ ನೋಡಲು ಹೋದರೆ ಆ ಅರ್ಥದಲ್ಲಿ ಇನ್ನೆರಡು ತಿಳಿಯದ ಮಾತು. ಸಿಟ್ಟು ಬಂದು ಪುಸ್ತಕ ಮುಚ್ಚುವಳು. ಮತ್ತೆ ಕೂಸಿನ ನೆನಪಾಗಿ ತೆರೆಯುವಳು. ನಾಲ್ಕನೆಯ ದಿನ ಗಂಡನಿಗೆ ಬಡಿಸುತ್ತ, ಗೋಡೆಗೆ ಹೇಳುವವಳ ಹಾಗೆ ಅಂದಳು:

"ಏಳು ಪದಾರ್ಥದಾಗ ಮೊದಲನೇದು ದ್ರವ್ಯ ಅಂತ. ದ್ರವ್ಯ ಅಂದ್ರ ರೊಕ್ಕ. ರೊಕ್ಕದ ವಿಚಾರ ಓದಲಿಕ್ಕೆ ಇಷ್ಟು ಮಂದಿ ಬರ್ತಿದ್ರು."

ಆಚಾರ್ಯರ ಕೈ ಎಲೆಯ ಮೇಲೆ ನಿಂತಿತು. ತಪ್ಪು ಅರ್ಥ ಕಿವಿಗೆ ಬಿದ್ದರೆ ಸುಮ್ಮನಿರುವುದು ಅವರಿಗೆ ಜನ್ಮದಲ್ಲಿ ಬಂದದ್ದಲ್ಲ.

"ರೊಕ್ಕಲ್ಲ," ಅಂದರು. ಸ್ವಲ್ಪ ತಡೆದು, "ಈ ಸಾರು ಬಿಸಿ ಅದ. ಬಿಸಿ ಅನ್ನೂದು ಗುಣ. ಗುಣ ತಾನ ಒಂದ ನಿಂದರೂದಿಲ್ಲ, ಅದಕ್ಕೊಂದು ಆಸರ ಬೇಕು. ಆ ಆಸರ ದ್ರವ್ಯ. ಸಾರು ದ್ರವ್ಯ."

ಎಂಟು ತಿಂಗಳಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು. ಅವಳು ತಲೆ ಎತ್ತಲಿಲ್ಲ. ಒಳಗೆ ಹೋಗಿ ಒಲೆಯ ಮುಂದೆ ನಿಂತು, ಬಿಸಿ ಗುಣ, ಸಾರು ದ್ರವ್ಯ ಎಂದು ಬಾಯಲ್ಲೇ ಅಂದುಕೊಂಡಳು. ಹಾಗಾದರೆ ಬೂದಿಯ ಮೇಲಿನ ಈ ಬಿಳಿ ಬಣ್ಣ ಗುಣ. ಬೂದಿ ದ್ರವ್ಯ. ಅಷ್ಟು ಮಾತ್ರ ತಿಳಿಯಿತು. ಆದರೆ ತಿಳಿಯಿತು.

ಹೀಗೆ ಊಟದ ಹೊತ್ತು ಪಾಠದ ಹೊತ್ತಾಯಿತು. ಅವಳು ಒಂದು ತಪ್ಪು ಹೇಳುವಳು, ಅವರು ತಿದ್ದುವರು. ಅವರ ದನಿಯಲ್ಲಿ ಮೊದಲಿನ ಹುರುಪು ಇರಲಿಲ್ಲ, ಅವಳ ದನಿಯಲ್ಲಿ ಮಮತೆ ಇರಲಿಲ್ಲ. ಒಂದು ದಿನ ಅವಳು ಸೋತು, "ಎಷ್ಟು ಸಲ ಓದಿದ್ರೂ ಇದು ಕಲ್ಲು ಕಡದಂಗ ಆಗ್ತದ" ಅಂದಾಗ ಆಚಾರ್ಯರು ಕೇಳಿದರು:

"ಹೆಂಗ ಓದ್ತಿ?"

"ಒಂದು ಸಾಲು ಆದ ಮ್ಯಾಲ ಇನ್ನೊಂದು."

"ಹಂಗ ಓದಬ್ಯಾಡ. ಒಂದು ಸಾಲು ಓದಿ ನಿಂದರು. ಯಾರು ಏನು ಕೇಳ್ಯಾರಂತ ಇವರು ಈ ಮಾತು ಹೇಳ್ಯಾರ ಅಂತ ಹುಡುಕು. ಕೇಳಿದಾಂವ ಒಬ್ಬ ಇದ್ದ ಇರ್ತಾನ. ಪುಸ್ತಕದಾಗ ಅವನ ಹೆಸರು ಕಾಣೂದಿಲ್ಲ. ಅವ ಸಿಕ್ಕ ಅಂದ್ರ ಸಾಲು ತಾನ ಬಿಚ್ಚಿಕೋತದ."

ಅಂದಿನಿಂದ ಅವಳು ಆ ಕಾಣದ ಮನುಷ್ಯನನ್ನು ಹುಡುಕುತ್ತ ಓದಿದಳು. ಬಟ್ಟೆ ಎಂಬುದು ಅದರ ನೂಲುಗಳಿಗಿಂತ ಬೇರೆಯಾದ ಒಂದು ವಸ್ತು ಎಂದು ಪುಸ್ತಕ ಹೇಳುತ್ತಿತ್ತು. ಇದನ್ನು ಕೇಳಿದವನು ಯಾರು? ನೂಲು ತೆಗೆದರೆ ಬಟ್ಟೆ ಎಲ್ಲಿರುತ್ತದೆ ಎಂದು ಕೇಳಿರಬೇಕು. ಅವಳೂ ಅದನ್ನೇ ಕೇಳುತ್ತಿದ್ದಳು. ಉತ್ತರ ಒಪ್ಪಿಗೆಯಾಗದೆ, ಹಿತ್ತಲ ಗೋಡೆಯ ಬಳಿ ಹೋಗಿ ಆಚೆ ಮನೆಯ ಅಮೀನಬಿಯನ್ನು ಕರೆದಳು. ಅಮೀನಬಿ ಜಾಫರಸಾಬನ ಹೆಂಡತಿ, ಗುಳೇದಗುಡ್ಡದ ನೇಕಾರರ ಮನೆಯ ಮಗಳು. ಬಟ್ಟೆ ನೂಲಿಗಿಂತ ಬೇರೆಯೋ ಅಲ್ಲವೋ ಎಂದು ಕೇಳಿದ್ದಕ್ಕೆ ಅವಳು ನಕ್ಕಳು.

"ಬ್ಯಾರೆ ಅಲ್ಲಂದ್ರ ನಮ್ಮ ಮನ್ಯಾವ್ರು ದಿನಾ ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಕೊಂಡು ಯಾಕ ಬೆನ್ನ ಮುರಕೊಂತಾರ್ರೀ ಅಕ್ಕಾರ? ನೂಲಽ ಉಟ್ಕೊಂಡು ಅಡ್ಡಾಡ್ರೆಪಾ ಅಂತ ಮಂದೀಗಿ ಹೇಳಿ ಸುಮ್ಮ ಕುಂದರತಿದ್ರು."

ರುಕ್ಮಿಣೀಬಾಯಿ ಇದನ್ನು ಗಂಡನಿಗೆ ಹೇಳಿದಳು. "ಖರೆ ಅದ," ಅಂದರು ಆಚಾರ್ಯರು. "ಈ ಯುಕ್ತಿ ನಾಲ್ಕು ಪುಟ ಮುಂದ ಬರ್ತದ. ಅಮೀನಬಿ ಭಾಳ ಲಗೂ ಹೇಳಿದಳು." ಅವರ ತುಟಿಯಲ್ಲಿ ಒಂದು ನಗು ಬಂದಂತಾಗಿ ಹೋಯಿತು. ಅದನ್ನು ಕಂಡು ಅವಳಿಗೆ ಸಂತೋಷವಾಗಲಿಲ್ಲ. ಈ ಮನುಷ್ಯ ನಗಬಹುದೇ?

ಶ್ರಾವಣದಲ್ಲಿ ಅವಳು ಕಾರಣದ ಪ್ರಕರಣಕ್ಕೆ ಬಂದಳು. ಒಂದು ವಸ್ತು ಆಗುವ ಮೊದಲು ಯಾವುದು ತಪ್ಪದೆ ಇರುತ್ತದೋ, ಯಾವುದಿಲ್ಲದೆ ಆ ವಸ್ತು ಆಗುವುದಿಲ್ಲವೋ ಅದು ಕಾರಣ. ಅಕಸ್ಮಾತ್ತಾಗಿ ಅಲ್ಲಿದ್ದದ್ದು ಕಾರಣವಲ್ಲ. ಗಡಿಗೆಗೆ ಮಣ್ಣು ಕಾರಣ, ಕುಂಬಾರ ಕಾರಣ. ಮಣ್ಣು ಹೊತ್ತು ತಂದ ಕತ್ತೆ ಅಂಗಳದಲ್ಲೇ ನಿಂತಿದ್ದರೂ ಕಾರಣವಲ್ಲ. ಆ ಸಾಲನ್ನು ಅವಳು ಮತ್ತೆ ಓದಿದಳು. ತಾನು ಇಷ್ಟು ದಿನ ಕಣ್ಣು ನೋಯಿಸಿಕೊಂಡು ಹುಡುಕುತ್ತಿದ್ದದ್ದು ಇದನ್ನೇ ಅನ್ನಿಸಿತು. ತಪ್ಪು ಪುಸ್ತಕದ್ದೇ ಎಂಬುದನ್ನು ಪುಸ್ತಕದ ಮಾತಿನಿಂದಲೇ ಸಿದ್ಧ ಮಾಡಬಹುದು.

"ಇಂಥಾದ್ದು ಕಾರಣ ಅಂತ ಹೇಳಬೇಕಾದ್ರ ಏನೇನು ತೋರಸಬೇಕು?" ಎಂದು ಗಂಡನನ್ನು ಕೇಳಿದಳು.

ಆಚಾರ್ಯರಿಗೆ ಅವಳು ಕೇಳುತ್ತಿರುವುದು ಏನೆಂದು ತಿಳಿಯಿತು. ಎಲೆಯ ಮುಂದೆ ತಲೆ ತಗ್ಗಿಸಿದರು. "ನಾನ ಕಾರಣ ಅಂತ ಒಪ್ಪಿಕೊಂಡ ಬಿಟ್ಟೇನಿ. ಮತ್ತ ಸಿದ್ಧ ಮಾಡೂದು ಯಾಕ?"

"ಒಪ್ಪಿಕೊಂಡ ಮಾತ್ರಕ್ಕ ಸಿದ್ಧ ಆಗೂದಿಲ್ಲ ಅಂತ ನೀವ ಹುಡುಗರಿಗೆ ಬೈತಿದ್ರಿ."

"ಹೌದು," ಅಂದರು ಅವರು. "ಹಂಗಾದ್ರ ಯಾವುದರ ಹಿಂದ ಯಾವುದು ಆತು, ಕ್ರಮವಾರ ಬರಕೋ. ಒಂದೂ ಬಿಡಬ್ಯಾಡ."

ಅವಳು ಕುಮುದಿನಿಯ ಪಾಟಿ ತೆಗೆದುಕೊಂಡು ಬರೆದಳು. ಡಂಗುರ ಸಾರಿದ್ದು. ಪುಸ್ತಕ ಕಟ್ಟಿದ್ದು. ಇಲಿ. ಜೋಪಡಿ. ಜ್ವರ. ನಡುವೆ ತಿಥಿಗಳು ಸರಿಯಾಗಿ ಹೊಂದಲಿಲ್ಲ. ಮೂರು ದಿನ ಯಾವ ಯಾವುವು ಎಂದು ಖಾತ್ರಿ ಮಾಡಿಕೊಳ್ಳಲು ಮಧ್ಯಾಹ್ನ ಹಿತ್ತಲಿಗೆ ಹೋಗಿ ಅಮೀನಬಿಯನ್ನು ಕೇಳಿದಳು: "ನೀವು ಯಾವತ್ತ ಊರು ಬಿಟ್ರಿ?"

"ಅಮಾಸಿ ದಿನಾ ಅಲ್ಲೇನ್ರಿ ಅಕ್ಕಾರ," ಅಂದಳು ಅಮೀನಬಿ. "ನಿಮ್ಮ ಬೇವೂರ ಅಣ್ಣಾರು ಕಳಿಸಿದ ಗಾಡಿ ಬಂದಿತ್ತಲ್ರಿ, ಸುಭಾನಸಾಬಂದು? ನೀವು ಒಲ್ಲೆ ಅಂದ್ರಂತ. ಬರಿ ಗಾಡಿ ಹೊಂಟಿತ್ತು. ಓಣಿ ತುದೀಗಿ ನಮ್ಮನ್ನ ಕಂಡು, ಬರ್ರಿ ಅಂತ ನಮ್ಮ ಮಕ್ಕಳನ್ನೆಲ್ಲಾ ಹತ್ತಿಸಿಕೊಂಡ. ನಿಮಗ ಗೊತ್ತಿಲ್ಲೇನ್ರಿ? ನಿಮ್ಮ ಗಾಡ್ಯಾಗ ನನ್ನ ನಾಕೂ ಮಕ್ಕಳು ಉಳದೂ. ನಾ ದಿನಾ ನಿಮ್ಮ ಹೆಸರಲೆ ದುವಾ ಮಾಡ್ತೇನಿ."

ಗಾಡಿ ಬಂದದ್ದನ್ನು ರುಕ್ಮಿಣೀಬಾಯಿ ಮರೆತಿರಲಿಲ್ಲ. ಆದರೆ ಆ ಮೂರು ದಿನಗಳನ್ನು ನೆನೆಯುವಾಗ ಒಂದು ಸಲವೂ ಅದನ್ನು ಹತ್ತಿರ ಬಿಟ್ಟುಕೊಂಡಿರಲಿಲ್ಲ. ಈಗ ಅದು ತಾನಾಗಿ ಬಂದು ಪಾಟಿಯ ಮೇಲೆ ಡಂಗುರದ ಕೆಳಗೆ, ಇಲಿಯ ಮೇಲೆ, ತನ್ನ ಜಾಗದಲ್ಲಿ ಕೂತಿತು. ಅಂದು ಆಚಾರ್ಯರು ಎರಡೇ ಗಂಟು ಕಟ್ಟಿ ಬಾಗಿಲಲ್ಲಿ ಇಟ್ಟಿದ್ದರು. "ಇಷ್ಟು ಸಾಕು, ಉಳಿದದ್ದು ದೇವರು ನೋಡಿಕೋತಾನ, ಹತ್ರಿ" ಅಂದಿದ್ದರು. ಕುಮುದಿನಿ ಆಗಲೇ ಗಾಡಿ ಹತ್ತಿ ಕೂತಿದ್ದಳು. ಅವಳನ್ನು ಕೈಹಿಡಿದು ಇಳಿಸಿದವಳು ತಾನು. "ಅಮಾಸಿ, ಪಾಡ್ಯ ಎರಡೂ ಬ್ಯಾಡ. ಬಿದಿಗಿ ದಿನಾ ಬಾ," ಎಂದು ಸುಭಾನಸಾಬನನ್ನು ತಿರುಗಿ ಕಳಿಸಿದವಳು ತಾನು. ಎರಡು ದಿನ ಹೇಗೂ ಇದೆಯಲ್ಲ ಎಂದು ಅಪ್ಪ ಮಗಳು ಉಳಿದ ಪುಸ್ತಕ ಕಟ್ಟಲು ಅಟ್ಟ ಹತ್ತಿದ್ದು ಆಮೇಲೆ. ಇಲಿ ಸಿಕ್ಕದ್ದು ಪಾಡ್ಯದ ದಿನ.

ಅವಳು ಒಳಗೆ ಬಂದಾಗ ಆಚಾರ್ಯರು ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು.

"ಗಾಡಿ ಬಂದಿತ್ತು," ಅಂದಳು.

"ಹೂಂ."

"ಕೂಸು ಹತ್ತಿ ಕೂತಿತ್ತು."

"ಹೂಂ."

"ನಾ ಇಳಿಸಿದೆ."

ಅವರು ಕಂಬ ಬಿಟ್ಟು ನೆಟ್ಟಗೆ ಕೂತರು.

"ನಿಮಗ ನೆನಪಿತ್ತು. ಹೊಸ್ತಲದಾಗ ನಿಂತು ನಾ ನಿಮಗ ಅಷ್ಟು ಅಂದಾಗೂ ನೆನಪಿತ್ತು. ಯಾಕ ಹೇಳಲಿಲ್ಲ ನೀವು?"

"ನೀ ಹೆತ್ತಾಕಿ," ಅಂದರು ಆಚಾರ್ಯರು. "ನಿನ್ನ ಕೈಲೆ ಹೊರೂದಾಗೂದಿಲ್ಲ ಅಂತ ತಿಳಿದೆ. ನನ್ನ ಮ್ಯಾಲ ಇರಲಿ ಅಂತ ಬಿಟ್ಟೆ."

"ನಿಮ್ಮ ಕೈಲೆ ಆತೇನು?"

ಆಚಾರ್ಯರು ಪಾಠ ಹೇಳುವ ಹಳೆಯ ರೀತಿಯಲ್ಲಿ ಮೆಲ್ಲಗೆ ಹೇಳತೊಡಗಿದರು. "ನೀ ಕಾರಣಲ್ಲ. ಅಮಾಸಿ ಅಂತ ನಿಂತ ಮನಿ ಊರಾಗ ಎಷ್ಟೋ ಇದ್ದೂ. ಎಲ್ಲಾರ ಮನ್ಯಾಗೂ ಹೋಗಿಲ್ಲ. ಪುಸ್ತಕಾನೂ ಕಾರಣಲ್ಲ. ಎದುರಿನ ಮನ್ಯಾಗ ಒಂದು ಹಾಳಿ ಇಲ್ಲ, ಮೂರು ಹೆಣ ಎದ್ದೂ. ತಪ್ಪದ ಇರಬೇಕು ಅಂತ ಅದ ನೋಡು, ಅದು ಇಲ್ಲೆ ಹತ್ತೂದಿಲ್ಲ."

"ಹಂಗಾದ್ರ ಕಾರಣ ಯಾವುದು?"

"ನನಗ ಗೊತ್ತಿಲ್ಲ."

ಆ ಪಡಸಾಲೆಯಲ್ಲಿ ಕೂತು ಅವರು ಈ ಮಾತು ಹೇಳಿದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಪಾಟಿಯನ್ನು ನೆಲದ ಮೇಲಿಟ್ಟು ಕೂತಳು. ಆಚಾರ್ಯರು ಎದ್ದು ಬಂದು ಪಕ್ಕದಲ್ಲಿ ಕೂತರು. ಜೋಪಡಿಯಲ್ಲಿ ಒಬ್ಬರಿಗೊಬ್ಬರು ಕಾಣದಂತೆ ಅತ್ತಿದ್ದವರು ಹಾಡಹಗಲಿನಲ್ಲಿ, ಬಾಗಿಲು ತೆರೆದಿರುವಾಗಲೇ, ಗಟ್ಟಿಯಾಗಿ ಅತ್ತರು.

ಅತ್ತ ಮೇಲೆ ಹಗುರವಾಯಿತು ಎಂದು ಹೇಳುವಂತಿಲ್ಲ. ಇಷ್ಟು ದಿನ ಗಂಡನ ಮೇಲಿನ ಸಿಟ್ಟೇ ಅವಳನ್ನು ಎಬ್ಬಿಸಿ ಓಡಾಡಿಸುತ್ತಿತ್ತು. ಅದು ಹೋದ ಮೇಲೆ ಎದ್ದೇಳಿಸುವುದು ಏನೂ ಉಳಿಯಲಿಲ್ಲ. ನೀ ಕಾರಣವಲ್ಲ ಎಂಬ ಯುಕ್ತಿ ಅವಳಿಗೆ ಪೂರ್ತಿಯಾಗಿ ತಿಳಿಯುತ್ತಿತ್ತು. ಒಂದು ತಪ್ಪೂ ಅದರಲ್ಲಿ ಕಾಣಿಸುತ್ತಿರಲಿಲ್ಲ. ಆದರೆ ಗಾಡಿಯಿಂದ ಇಳಿಯುವಾಗ ಅಂಗೈಯಲ್ಲಿದ್ದ ಆ ಪುಟ್ಟ ಕೈ ಯುಕ್ತಿಗೆ ಬಗ್ಗುತ್ತಿರಲಿಲ್ಲ. ಎರಡು ತಿಂಗಳು ಹಾಸಿಗೆ ಹಿಡಿದಳು. ಆಚಾರ್ಯರು ತಾವೇ ಒಲೆ ಹೊತ್ತಿಸಿ ಗಂಜಿ ಕಾಸಿದರು. ಗಂಜಿ ಕುಡಿಸಿದ ಮೇಲೆ ತಲೆದಿಂಬಿನ ಬಳಿ ಕೂತು, ಬಿಟ್ಟ ಜಾಗದಿಂದ ಪುಸ್ತಕ ಓದಿ ಅರ್ಥ ಹೇಳಿದರು. ಅವಳು ಓದಿರಿ ಅಂದಿರಲಿಲ್ಲ, ಬೇಡ ಅನ್ನಲೂ ಇಲ್ಲ. ಹೀಗೆ ಆರು ಪದಾರ್ಥ ಮುಗಿದವು. ಏಳನೆಯದಕ್ಕೆ ಬಂದಾಗ ಅವರು ಪುಸ್ತಕ ಮುಚ್ಚಿದರು.

"ಏಳನೇದು ಯಾವುದು?"

"ಅಭಾವ. ಇಲ್ಲದಿರೂದು. ಈಗ ಬ್ಯಾಡ ಅದು."

ಅವಳು ಎದ್ದು ಓಡಾಡುವಂತಾದ ಮೇಲೆ ಅದನ್ನು ಒಬ್ಬಳೇ ಓದಿದಳು. ಈಗ ಅವಳಿಗೆ ಬೆರಳಿಡುವುದು ಬೇಕಾಗಿರಲಿಲ್ಲ. ಇಲ್ಲದಿರುವುದನ್ನೂ ಒಂದು ವಸ್ತು ಎಂದು ಎಣಿಸಿದ್ದರು. ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ನೆಲವನ್ನು ನೋಡಿದಷ್ಟೇ ಖಚಿತವಾಗಿ ತಿಳಿಯುತ್ತದೆ. ಗಡಿಗೆ ಹುಟ್ಟುವ ಮೊದಲು ಇರುವ ಅಭಾವಕ್ಕೆ ಮೊದಲಿಲ್ಲ, ಆದರೆ ಕೊನೆಯುಂಟು; ಗಡಿಗೆ ಹುಟ್ಟಿದ ದಿನ ಅದು ಮುಗಿಯುತ್ತದೆ. ಗಡಿಗೆ ಒಡೆದ ಮೇಲಿನ ಅಭಾವಕ್ಕೆ ಮೊದಲುಂಟು, ಕೊನೆಯಿಲ್ಲ. ಅವಳು ಅಲ್ಲಿ ನಿಂತಳು. ಕೇಳಿದವನು ಯಾರೆಂದು ಹುಡುಕುವ ಅಗತ್ಯ ಬೀಳಲಿಲ್ಲ. ಮೂರು ಬಸಿರು ಹೋದ ಮೇಲೆ ಕಾದ ವರ್ಷಗಳೂ ಇಲ್ಲದಿರುವುದೇ. ಅದು ಕುಮುದಿನಿ ಹುಟ್ಟಿದ ಮುಂಜಾನೆ ಮುಗಿದಿತ್ತು. ಈಗಿನದು ಬೇರೆ. ಸಮಾಧಾನ ಹೇಳಲು ಬಂದವರೆಲ್ಲ ದಿನ ಹೋದಂತೆ ಮರೆಯುತ್ತದೆ ಎಂದಿದ್ದರು, ಮತ್ತೊಂದು ಕೂಸಾಗುತ್ತದೆ ಎಂದಿದ್ದರು. ಕೊನೆಯಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದು ಈ ಪುಸ್ತಕ ಒಂದೇ. ಅದು ಸುಳ್ಳು ಹೇಳಲಿಲ್ಲ ಎಂದು ಅವಳಿಗೆ ಅದರ ಮೇಲೆ ನಂಬಿಕೆ ಹುಟ್ಟಿತು. ನಂಬಿಕೆಯಿಂದ ದುಃಖವೇನೂ ಕಡಿಮೆಯಾಗಲಿಲ್ಲ.

ಮರುವರ್ಷ ಹುನಗುಂದದಿಂದ ಪಂಢರೀನಾಥ ಎಂಬವನು ಬಂದು ಪಾಠ ಹೇಳಿರೆಂದು ಕೇಳಿಕೊಂಡ. ಕನ್ನಡ ಸಾಲಿಯ ಮಾಸ್ತರ, ಹೆಂಡತಿ ಮಕ್ಕಳಿದ್ದವನು. ಆಚಾರ್ಯರು ಒಳಗೆ ತಿರುಗಿ ಹೆಂಡತಿಯ ಮುಖ ನೋಡಿದರು. ಅವಳು ಹೂಂ ಅಂದಳು. ಪಡಸಾಲೆಯಲ್ಲಿ ಮತ್ತೆ ಘಟ, ಪಟದ ಮಾತು ಕೇಳಿಸತೊಡಗಿತು. ರುಕ್ಮಿಣೀಬಾಯಿ ನಡುವಿನ ಬಾಗಿಲ ಹಿಂದೆ ಅಕ್ಕಿ ಆರಿಸುತ್ತ ಕೂತು ಕೇಳುತ್ತಿದ್ದಳು.

ಪಾಠ ಅಭಾವಕ್ಕೆ ಬಂದ ದಿನ ಆಚಾರ್ಯರು ಮೊದಲನೆಯದನ್ನು ಹೇಳಿದರು. "ಇನ್ನ ಎರಡನೇದು," ಅಂದರು, ನಿಂತರು. ಕೆಮ್ಮಿ ಮತ್ತೆ "ಎರಡನೇದು" ಅಂದರು. ಪಂಢರೀನಾಥ ಲೇಖನಿ ಹಿಡಿದು ಕಾದ.

"ಎರಡನೇದಕ್ಕ ಮೊದಲದ," ಅಂದಳು ರುಕ್ಮಿಣೀಬಾಯಿ ಬಾಗಿಲ ಹಿಂದಿನಿಂದ. "ಕೊನಿ ಇಲ್ಲ."

ಪಂಢರೀನಾಥ ಬೆಚ್ಚಿ ಬಾಗಿಲ ಕಡೆ ನೋಡಿದ. ಆಚಾರ್ಯರು ಅವನ ಕಡೆ ನೋಡದೆ, "ಮುಂದ ಹೇಳು," ಅಂದರು.

"ಬರೇ ಇಲ್ಲ ಅಂತ ಹೇಳಲಿಕ್ಕೆ ಬರೂದಿಲ್ಲ. ಯಾವುದು ಇಲ್ಲ ಅಂತ ಹೇಳಬೇಕಾಗ್ತದ. ಅಭಾವಕ್ಕ ಯಾವತ್ತೂ ಒಂದರ ಹೆಸರು ಕೂಡಿಕೊಂಡ ಇರ್ತದ."

ಪಂಢರೀನಾಥ ಬರೆದುಕೊಂಡ. ಆಮೇಲೆ ವಿನಯದಿಂದ ಕೇಳಿದ: "ಇದಕ್ಕ ಉದಾಹರಣಿ ಏನು ಹಾಕಿಕೊಳ್ಳಲ್ರಿ, ಅವ್ವಾರ? ಗಡಿಗೀನಽ ಹಾಕಲ್ಯಾ?"

ಒಳಗೆ ಅಕ್ಕಿಯ ಮೊರ ನೆಲಕ್ಕಿಟ್ಟ ಸದ್ದಾಯಿತು.

"ಗಡಿಗೀನಽ ಹಾಕ್ಕೋ, ತಮ್ಮಾ," ಅಂದಳು ರುಕ್ಮಿಣೀಬಾಯಿ.